ಬಿಲ್ಲಿನ ಗುರಿಗಣ್ಣು: ಆಕರ್ಣಾಕರ್ಷಣದಿಂದ ಹೆದೆಯ ರಂಧ್ರದವರೆಗೆ

೧

ಬಿಲ್ಲು ಮನುಷ್ಯನ ಅತಿ ಪ್ರಾಚೀನವಾದ ಆಯುಧಗಳಲ್ಲಿ ಒಂದು. ಅದರ ವಯಸ್ಸಿಗೆ ಹೋಲಿಸಿದರೆ ಬಂದೂಕು ನಿನ್ನೆ ಮೊನ್ನೆ ಹುಟ್ಟಿದುದು. ಹೀಗಿದ್ದೂ ಬಂದೂಕಿನ ನಳಿಗೆಯ ಮೇಲೆ ಗುರಿಕಟ್ಟುವ ಮೊನೆಯೂ ಕಚ್ಚೂ ಹದಿನಾರನೆಯ ಶತಮಾನದ ಹೊತ್ತಿಗೇ ಬಂದಿರಲು, ಬಿಲ್ಲಿಗೆ ಅಂಥದೊಂದು ಸಾಧನವು ಸಾಮಾನ್ಯವಾದ ಬಳಕೆಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಸಹಸ್ರಾರು ವರ್ಷಗಳ ಕಾಲ ಯುದ್ಧಗಳನ್ನು ಗೆದ್ದ, ರಾಜ್ಯಗಳನ್ನು ಕಟ್ಟಿದ, ಕಾವ್ಯಗಳಿಗೆ ನಾಯಕರನ್ನು ಕೊಟ್ಟ ಆಯುಧಕ್ಕೆ ಒಂದು ಸೂಜಿಯ ತಲೆಯಷ್ಟು ದೊಡ್ಡ ಗುರುತನ್ನು ಅಂಟಿಸಿಕೊಳ್ಳುವುದು ಅಷ್ಟು ಕಾಲ ಯಾರಿಗೂ ಏಕೆ ಬೇಕಾಗಲಿಲ್ಲವೆಂಬುದು ವಿಚಾರಣೀಯವಾದ ಪ್ರಶ್ನೆ.

ಇದಕ್ಕೆ ಲೋಕದಲ್ಲಿ ಎರಡು ಉತ್ತರಗಳು ಕೇಳಿಬರುತ್ತವೆ. ಪ್ರಾಚೀನರ ಕಣ್ಣೂ ಕೈಯೂ ಸಿದ್ಧಿ ಪಡೆದವುಗಳಾಗಿದ್ದುದರಿಂದ ಅವರಿಗೆ ಇಂಥ ಊರೆಗೋಲು ಬೇಕಿರಲಿಲ್ಲವೆಂಬುದು ಒಂದು. ಪ್ರಾಚೀನರಿಗೆ ಇದು ತಿಳಿದೇ ಇದ್ದಿತು, ದ್ರೌಪದಿಯ ಸ್ವಯಂವರದ ಯಂತ್ರವೇ ಇದಕ್ಕೆ ಸಾಕ್ಷಿ ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯಿಂದಲೂ ಎರಡನೆಯದು ಅಭಿಮಾನದಿಂದಲೂ ಹುಟ್ಟಿದವು. ಆಕರಗಳನ್ನು ನೋಡಿದರೆ ಎರಡಕ್ಕೂ ಆಧಾರ ಸಾಲದೆಂದು ತೋರುತ್ತದೆ. ನಿಜವಾದ ಕಾರಣವು ಬಿಲ್ಲುಗಾರನ ಕಣ್ಣಿನಲ್ಲಿ ಇಲ್ಲ. ಅವನು ಹೆದೆಯನ್ನು ಎಲ್ಲಿಯವರೆಗೆ ಸೆಳೆಯುತ್ತಿದ್ದನು, ಸೆಳೆದು ಎಷ್ಟು ಹೊತ್ತು ಹಿಡಿದಿರಬಲ್ಲವನಾಗಿದ್ದನು ಎಂಬುದರಲ್ಲಿ ಇದೆ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಇದು ಕೇವಲ ಆಯುಧಚರಿತ್ರೆಯ ವಿಷಯವಲ್ಲ. ಬಿಲ್ಲಿನ ವರ್ಣನೆಯುಳ್ಳ ಕಾವ್ಯಭಾಗಗಳನ್ನು ಓದುವವರಿಗೂ ಪಾಠ ಹೇಳುವವರಿಗೂ ಇದರಿಂದ ಕೆಲವು ಸ್ಥಳಗಳು ಸ್ಪಷ್ಟವಾಗಬಹುದು.

೨

ಮೊದಲು ಭಾರತೀಯವಾದ ಆಧಾರಗಳು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ವಸ್ತುಗಳಿಂದಾದ ಬಿಲ್ಲುಗಳನ್ನು ಹೇಳುತ್ತದೆ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದುದು ಶೃಂಗ ಶಬ್ದದಿಂದ, ಎಂದರೆ ಕೊಂಬಿನಿಂದ, ಎಂಬುದು ಸಂಸ್ಕೃತಜ್ಞರಿಗೆ ತಿಳಿದ ವಿಷಯವೇ. ಅಗ್ನಿಪುರಾಣದ ಧನುರ್ವೇದಾಧ್ಯಾಯಗಳಲ್ಲಿ ಸಮಪದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಮೊದಲಾದ ನಿಲುವುಗಳೂ, ಮುಷ್ಟಿಯ ಕ್ರಮವೂ, ದೃಷ್ಟಿಯನ್ನೂ ಮನಸ್ಸನ್ನೂ ಲಕ್ಷ್ಯದಲ್ಲಿ ನಿಲ್ಲಿಸಬೇಕೆಂಬ ವಿಧಿಯೂ ಬರುತ್ತವೆ. ೧೩೬೩ರ ಶಾರ್ಙ್ಗಧರಪದ್ಧತಿಯಲ್ಲಿಯೂ ಧನುರ್ವೇದಕ್ಕೆ ಒಂದು ಭಾಗವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸುಮಾರು ೧೧೨೯) ರಾಜನ ಇಪ್ಪತ್ತು ವಿನೋದಗಳಲ್ಲಿ ಶಸ್ತ್ರವಿನೋದವನ್ನು ಸೇರಿಸಿ, ಬಿಲ್ವಿದ್ಯೆಯನ್ನು ಆಸ್ಥಾನದವರು ನೋಡಿ ಮೆಚ್ಚುವ ಪ್ರದರ್ಶನವಾಗಿಯೂ ಎಣಿಸಿದೆ. ಈ ಶಾಸ್ತ್ರಭಾಗಗಳು ಬಿಗಿಪಡಿಸಲು ಹೊರಟುದು ಬಿಲ್ಲುಗಾರನ ದೇಹವನ್ನು. ಕಾಲು, ಸೊಂಟ, ಮುಷ್ಟಿ, ದೃಷ್ಟಿ, ಉಸಿರು ಇವು ನೆಲೆಗೊಂಡರೆ ಬಾಣವೂ ನೆಲೆಗೊಳ್ಳುತ್ತದೆಂಬುದು ಅವುಗಳ ಗ್ರಹಿಕೆ.

ಇದೇ ಗ್ರಹಿಕೆಯ ಕಥಾರೂಪವೇ ದ್ರೋಣನ ಪರೀಕ್ಷೆ. ಮರದ ಮೇಲಿನ ಕೃತಕ ಪಕ್ಷಿಯ ಕಣ್ಣು ಮಾತ್ರ ತನಗೆ ಕಾಣುತ್ತದೆಂದು ಅರ್ಜುನನು ಹೇಳಿದನೆಂಬುದು ಎಲ್ಲರ ಬಾಯಲ್ಲಿ ಇರುವ ಕಥೆ. ಆದರೆ ಆದಿಪರ್ವದ ಸಂಸ್ಕೃತಪಾಠದಲ್ಲಿ ಅವನು ಕಾಣುವುದು ಭಾಸಪಕ್ಷಿಯ ತಲೆಯನ್ನು. ಒಡಲು ಕಾಣದು ಎನ್ನುತ್ತಾನೆ. ತಲೆಯು ಜನರ ನಾಲಗೆಯಲ್ಲಿ ಕಣ್ಣಾಗಿ ಕಿರಿದಾದುದು ಸ್ವಾರಸ್ಯವಾದ ಸಂಗತಿ. ಗುರಿ ಚಿಕ್ಕದಾದಷ್ಟೂ ಬಿಲ್ಲುಗಾರ ದೊಡ್ಡವನಾಗುತ್ತಾನೆಂಬುದು ಕಥೆ ಹೇಳುವವರ ನ್ಯಾಯ. ಯಾವ ಪಾಠವನ್ನು ಹಿಡಿದರೂ ಅರ್ಜುನನ ನೋಟವು ಇರುವುದು ಗುರಿಯ ಮೇಲೆ. ಬಿಲ್ಲು ಬಾಣಗಳ ಮೇಲೆ ಅಲ್ಲ.

ಸ್ವಯಂವರದ ಯಂತ್ರವನ್ನೂ ಹೀಗೆಯೇ ಪರಿಶೀಲಿಸಬೇಕು. ನೀರಿನಲ್ಲಿ ಪ್ರತಿಬಿಂಬವನ್ನು ನೋಡುತ್ತ ಮೇಲೆ ತಿರುಗುವ ಮೀನನ್ನು ಹೊಡೆಯುವ ಕಥೆಯು ಜನಪ್ರಿಯವಾದುದು. ಸಂಸ್ಕೃತ ಭಾರತದ ಪರಿಷ್ಕೃತ ಪಾಠದಲ್ಲಿ ಇರುವುದು ಇಷ್ಟೆ: ಯಂತ್ರದ ರಂಧ್ರದ ಮೂಲಕ ಐದು ಬಾಣಗಳನ್ನು ಹಾಯಿಸಿ ಆಚೆಯ ಲಕ್ಷ್ಯವನ್ನು ಹೊಡೆಯಬೇಕು. ರಂಧ್ರವೆಂಬ ಮಾತನ್ನು ಕಂಡೊಡನೆ ಇದು ಈಗಿನ ಬಿಲ್ಲುಗಳ ಹೆದೆಯಲ್ಲಿ ಇರುವ ನೋಟದ ರಂಧ್ರವೇ ಎಂದು ಭಾವಿಸುವುದು ತಪ್ಪು. ಅಲ್ಲಿಯ ರಂಧ್ರವು ಗುರಿಯ ಕಡೆಗೆ ಇದೆ. ಬಾಣವು ಅದರೊಳಗೆ ಹಾಯಬೇಕು. ಇಲ್ಲಿಯ ರಂಧ್ರವು ಕಣ್ಣಿನ ಕಡೆಗೆ ಇದೆ. ನೋಟ ಮಾತ್ರ ಅದರೊಳಗೆ ಹಾಯಬೇಕು. ಅದು ಹೊಡೆತವನ್ನು ಕಠಿನಗೊಳಿಸುವ ಅಡ್ಡಿ. ಇದು ಹೊಡೆತವನ್ನು ಸುಲಭಗೊಳಿಸುವ ಸಾಧನ. ಪದಸಾಮ್ಯವೊಂದರಿಂದಲೇ ವಸ್ತುಸಾಮ್ಯವನ್ನು ಸಾಧಿಸಹೋದರೆ ಕಾವ್ಯಕ್ಕೂ ಅನ್ಯಾಯ, ಚರಿತ್ರೆಗೂ ಅನ್ಯಾಯ.

ಈಗ ಮುಖ್ಯವಾದ ಆಧಾರಕ್ಕೆ ಬರಬಹುದು. ನಮ್ಮ ಕವಿಗಳು ಬಿಲ್ಲೆಳೆಯುವುದನ್ನು ವರ್ಣಿಸುವಾಗ ಆಕರ್ಣಪೂರ್ಣ, ಆಕರ್ಣಾಂತ ಮುಂತಾದ ಮಾತುಗಳನ್ನು ಬಳಸುವುದುಂಟು. ಹೆದೆಯನ್ನು ಕಿವಿಯವರೆಗೆ ಸೆಳೆಯುವುದೆಂದು ಇವುಗಳ ಅರ್ಥ. ಇದನ್ನು ಕವಿಸಮಯವೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಇದು ಕವಿಸಮಯವಲ್ಲ, ಯುದ್ಧದ ಬಿಲ್ಲನ್ನು ಎಳೆಯುವ ನಿಜವಾದ ಕ್ರಮ. ಹೆಚ್ಚು ದೂರ ಎಳೆದಷ್ಟೂ ಬಿಲ್ಲಿನಲ್ಲಿ ಹೆಚ್ಚು ಶಕ್ತಿ ಕೂಡುತ್ತದೆ, ಬಾಣಕ್ಕೆ ಹೆಚ್ಚು ವೇಗ ಬರುತ್ತದೆ. ಕವಚವನ್ನು ಭೇದಿಸಬೇಕಾದವನಿಗೆ ಇದು ಅವಶ್ಯವಾದುದು.

ಏಕಲವ್ಯನ ಕಥೆಯಲ್ಲಿಯೂ ಒಂದು ಸೂಕ್ಷ್ಮವಾದ ಮಾತು ಇದೆ. ಹೆಬ್ಬೆರಳನ್ನು ಕೊಟ್ಟ ಮೇಲೆ ಅವನು ಉಳಿದ ಬೆರಳುಗಳಿಂದ ಬಾಣ ಬಿಡತೊಡಗಿದನು. ಆದರೆ ಮೊದಲಿನ ಶೀಘ್ರತೆ ಅವನಿಗೆ ಉಳಿಯಲಿಲ್ಲ ಎಂದು ಆದಿಪರ್ವ ಹೇಳುತ್ತದೆ. ಅವನ ಗುರಿ ತಪ್ಪಿತೆಂದು ಹೇಳುವುದಿಲ್ಲ, ವೇಗ ತಗ್ಗಿತೆಂದು ಹೇಳುತ್ತದೆ. ಯುದ್ಧದ ಬಿಲ್ಲುಗಾರನ ಅಳತೆಗೋಲು ಯಾವುದೆಂಬುದು ಈ ಒಂದು ಮಾತಿನಿಂದ ಸ್ಪಷ್ಟವಾಗುತ್ತದೆ. ಕಿವಿಯವರೆಗೆ ಎಳೆದ ಕೈ, ತಡೆಯಿಲ್ಲದ ಶೀಘ್ರತೆ ಇವೆರಡೂ ಸೇರಿದ ವಿದ್ಯೆಯಲ್ಲಿ ಗುರಿಗಣ್ಣಿಗೆ ಸ್ಥಳವೇ ಇರಲಿಲ್ಲ. ಇದಕ್ಕೆ ಕಾರಣವನ್ನು ಇನ್ನೊಂದು ದೇಶದ ಆಧಾರದಿಂದ ಇನ್ನೂ ನಿಷ್ಕೃಷ್ಟವಾಗಿ ತಿಳಿಯಬಹುದು.

೩

೧೫೪೫ನೆಯ ಇಸವಿಯು ಇಂಗ್ಲೆಂಡಿನ ಬಿಲ್ಲಿನ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಗಣ್ಯವಾದುದು. ಆ ವರ್ಷ ರೋಜರ್ ಆಸ್ಕಮ್ ಎಂಬ ವಿದ್ವಾಂಸನು ‘ಟಾಕ್ಸೊಫಿಲಸ್’ ಎಂಬ ಗ್ರಂಥವನ್ನು ಪ್ರಕಟಿಸಿ ಎಂಟನೆಯ ಹೆನ್ರಿ ದೊರೆಗೆ ಅರ್ಪಿಸಿದನು. ಬಿಲ್ಲುಗಾರಿಕೆಯನ್ನು ಕುರಿತು ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಪುಸ್ತಕವಿದು. ಬಿಲ್ಲನ್ನು ಪ್ರೀತಿಸುವ ಟಾಕ್ಸೊಫಿಲಸನಿಗೂ ವಿದ್ಯೆಯನ್ನು ಪ್ರೀತಿಸುವ ಫಿಲೊಲೋಗಸನಿಗೂ ನಡೆಯುವ ಸಂವಾದದ ರೂಪದಲ್ಲಿ ಅದು ಇದೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಅದೇ ದೊರೆಯ ‘ಮೇರಿ ರೋಸ್’ ಎಂಬ ಯುದ್ಧನೌಕೆಯು ನೂರಾರು ಜನರೊಡನೆ ಸಮುದ್ರದಲ್ಲಿ ಮುಳುಗಿತು. ೧೯೮೨ರಲ್ಲಿ ಆ ಹಡಗನ್ನು ಮೇಲಕ್ಕೆ ಎತ್ತಲಾಯಿತು. ಅದರಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತವು. ಹೀಗೆ ಒಂದೇ ಕಾಲದ ಶಾಸ್ತ್ರವೂ ಶಸ್ತ್ರವೂ ಒಟ್ಟಿಗೆ ಪರೀಕ್ಷೆಗೆ ಒದಗಿದುದು ಅಪೂರ್ವವಾದ ಯೋಗ.

ಆಸ್ಕಮನು ಬಿಲ್ಲೆಸೆಯುವ ಕ್ರಿಯೆಯನ್ನು ನಿಲ್ಲುವುದು, ಹೂಡುವುದು, ಸೆಳೆಯುವುದು, ಹಿಡಿಯುವುದು, ಬಿಡುವುದು ಎಂದು ಐದು ಅಂಗಗಳಾಗಿ ವಿಭಾಗಿಸಿದನು. ಇವುಗಳಲ್ಲಿ ಗುರಿಕಟ್ಟುವುದು ಪ್ರತ್ಯೇಕವಾದ ಒಂದು ಅಂಗವಾಗಿ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಕಣ್ಣು ಸದಾ ಗುರಿಯ ಮೇಲೆಯೇ ಇರಬೇಕೆಂದೂ ಕೈಯನ್ನು ಕಿವಿಯವರೆಗೆ ಸೆಳೆಯಬೇಕೆಂದೂ ಅವನ ಮತ. ದ್ರೋಣನ ಶಿಷ್ಯನಿಗೆ ಒಪ್ಪುವ ಉಪದೇಶವೇ ಇದು.

ಮೇರಿ ರೋಸ್ ಹಡಗಿನ ಬಿಲ್ಲುಗಳು ಈ ಉಪದೇಶದ ಹಿಂದಿನ ಕಾರಣವನ್ನು ಹೇಳುತ್ತವೆ. ಅವುಗಳನ್ನು ಪರೀಕ್ಷಿಸಿದವರ ಎಣಿಕೆಯಂತೆ ಅವುಗಳ ಸೆಳೆತದ ಭಾರವು ನೂರು ಪೌಂಡುಗಳಿಗೂ ಮೇಲ್ಪಟ್ಟುದು. ಅಷ್ಟು ಭಾರವನ್ನು ಪೂರ್ಣವಾಗಿ ಸೆಳೆದು, ನಿಲ್ಲಿಸಿ, ಉಸಿರು ಬಿಗಿಹಿಡಿದು, ಒಂದು ಗುರುತನ್ನು ಇನ್ನೊಂದು ಗುರುತಿನ ಮೇಲೆ ಕೂರಿಸುತ್ತ ಇರುವುದು ಬಲಿಷ್ಠನಿಗೂ ಅಸಾಧ್ಯ. ಸೆಳೆಯುವುದೂ ಬಿಡುವುದೂ ಒಂದೇ ಚಲನೆಯಾಗಿ ಸಾಗಬೇಕಾಗಿದ್ದಿತು.

ಕಿವಿಯವರೆಗೆ ಸೆಳೆಯುವ ಕ್ರಮದಲ್ಲಿ ಇನ್ನೊಂದು ತೊಡಕೂ ಉಂಟು. ಆಗ ಬಾಣದ ಹಿಂತುದಿಯು ಕಣ್ಣಿಗೆ ನೇರವಾಗಿ ಕೆಳಗೆ ಇರದೆ ಪಕ್ಕಕ್ಕೆ, ಕೆಲವು ಅಂಗುಲಗಳ ಆಚೆಗೆ, ಇರುತ್ತದೆ. ನೋಟದ ರೇಖೆ ಒಂದು, ಬಾಣದ ರೇಖೆ ಇನ್ನೊಂದು. ಓರೆಯಾಗಿ ಸಾಗುವ ಇವೆರಡೂ ಯಾವುದೋ ಒಂದು ದೂರದಲ್ಲಿ ಮಾತ್ರ ಒಂದನ್ನೊಂದು ದಾಟುತ್ತವೆ. ಆದುದರಿಂದ ಬಿಲ್ಲಿನ ಮೇಲೆ ಗುರುತನ್ನು ಇಟ್ಟರೂ ಗುರಿಯ ದೂರ ಬದಲಾದೊಡನೆ ಅದನ್ನು ಮೇಲೆ ಕೆಳಗೆ ಮಾತ್ರವಲ್ಲದೆ ಎಡಕ್ಕೆ ಬಲಕ್ಕೂ ಸರಿಸಬೇಕಾಗುತ್ತದೆ. ಚಲಿಸುವ ಶತ್ರುವಿನ ಎದುರಿಗೆ ಇದು ಆಗದ ಮಾತು.

ಅರಬ್ಬೀ ಭಾಷೆಯ ಧನುರ್ವಿದ್ಯಾಗ್ರಂಥಗಳೂ ಇದನ್ನೇ ಸಮರ್ಥಿಸುತ್ತವೆ. ೧೫೦೦ರ ಸುಮಾರಿನ ಅಂಥದೊಂದು ಗ್ರಂಥವನ್ನು ನಬೀಹ್ ಅಮೀನ್ ಫಾರಿಸ್ ಮತ್ತು ರಾಬರ್ಟ್ ಎಲ್ಮರ್ ಎಂಬವರು ೧೯೪೫ರಲ್ಲಿ ಇಂಗ್ಲಿಷಿಗೆ ತಂದರು. ಗುರಿಯನ್ನು ಬಿಲ್ಲಿನ ಹೊರಮಗ್ಗುಲಿನಿಂದ ನೋಡಬೇಕೇ, ಒಳಮಗ್ಗುಲಿನಿಂದ ನೋಡಬೇಕೇ, ಎರಡರಿಂದಲೂ ನೋಡಬೇಕೇ ಎಂಬ ಮತಭೇದಗಳನ್ನು ಅದು ಚರ್ಚಿಸುತ್ತದೆ. ಜಪಾನಿನ ಕ್ಯೂಡೋ ಸಂಪ್ರದಾಯದಲ್ಲಿ ಹೆದೆಯನ್ನು ಕಿವಿಯನ್ನೂ ದಾಟಿ ಹಿಂದಕ್ಕೆ ಸೆಳೆಯುತ್ತಾರೆ. ೨೮ ಮೀಟರು ದೂರದ ೩೬ ಸೆಂಟಿಮೀಟರು ಅಗಲದ ಗುರಿಯನ್ನು ಬಿಲ್ಲಿನ ಅಂಚಿಗೆ ಹೊಂದಿಸಿ ನೋಡುತ್ತಾರೆ. ಗುರಿಕಟ್ಟುವ ವಿಚಾರವು ಪ್ರಾಚೀನರಿಗೆ ಹೊಳೆಯದಿದ್ದುದಲ್ಲ. ಅದು ಬಿಲ್ಲಿನ ಅಂಚಿನಲ್ಲಿಯೇ ನಿಂತುಬಿಟ್ಟಿತು. ಭಾರವೂ ಶೀಘ್ರತೆಯೂ ಕಿವಿಯ ಸೆಳೆತವೂ ಅದನ್ನು ಮುಂದಕ್ಕೆ ಹೋಗಗೊಡಲಿಲ್ಲ.

೪

ಬಿಲ್ಲು ಯುದ್ಧದಿಂದ ನಿವೃತ್ತವಾದ ಮೇಲೆಯೇ ಅದಕ್ಕೆ ನಿಖರತೆಯ ಯುಗವು ಪ್ರಾರಂಭವಾಯಿತೆನ್ನಬಹುದು. ಕವಚವನ್ನು ಭೇದಿಸುವ ಅಗತ್ಯವಿಲ್ಲದ ಮೇಲೆ ಬಿಲ್ಲು ಹಗುರವಾಗಬಹುದು. ಬಿಲ್ಲು ಹಗುರವಾದರೆ ಕೈ ನಿಲ್ಲಬಹುದು. ಕೈ ನಿಂತರೆ ಕಣ್ಣಿಗೆ ಅವಕಾಶ ದೊರೆಯುತ್ತದೆ. ಇದನ್ನು ಶಾಸ್ತ್ರೀಯವಾಗಿ ಕಂಡುಕೊಂಡವನು ಹೊರೇಸ್ ಫೋರ್ಡ್ ಎಂಬ ಆಂಗ್ಲೇಯ.

ಫೋರ್ಡನು ೧೮೪೯ರಿಂದ ೧೮೫೯ರವರೆಗೆ ಎಡೆಬಿಡದೆ ಹನ್ನೊಂದು ಸಲವೂ ೧೮೬೭ರಲ್ಲಿ ಮತ್ತೊಮ್ಮೆಯೂ ಇಂಗ್ಲೆಂಡಿನ ಅಗ್ರಸ್ಥಾನವನ್ನು ಗೆದ್ದವನು. ೧೮೫೭ರಲ್ಲಿ ಚೆಲ್ಟನಮ್ ಎಂಬಲ್ಲಿ ನೂರು, ಎಂಬತ್ತು, ಅರುವತ್ತು ಗಜಗಳ ದೂರದಿಂದ ಬಿಟ್ಟ ೨೮೮ ಬಾಣಗಳಲ್ಲಿ ೨೪೫ ಬಾಣಗಳನ್ನು ಗುರಿಗೆ ತಗುಲಿಸಿ ೧೨೫೧ ಅಂಕಗಳನ್ನು ಪಡೆದನು. ೧೮೫೬ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಅದರಲ್ಲಿ ಅವನು ಮೂರು ಶತಮಾನಗಳ ಹಿಂದಿನ ಆಸ್ಕಮನ ಮತವನ್ನು ಗೌರವದಿಂದಲೇ ಖಂಡಿಸಿದನು. ಕೈಯನ್ನು ಕಿವಿಗೆ ಒಯ್ಯಬಾರದು, ಗಲ್ಲದ ಕೆಳಗೆ ತರಬೇಕು. ಆಗ ಬಾಣವು ಆದ್ಯಂತವಾಗಿ ಕಣ್ಣಿಗೆ ನೇರ ಕೆಳಗೆ ಇರುತ್ತದೆ. ಬಾಣದ ಮೊನೆಯನ್ನು ನೆಲದ ಮೇಲಿನ ಅಥವಾ ಗುರಿಯ ಆಸುಪಾಸಿನ ಒಂದು ಗೊತ್ತಾದ ಸ್ಥಾನಕ್ಕೆ ಹೊಂದಿಸಿ ಬಿಡಬೇಕು ಎಂದು ಅವನ ಸಿದ್ಧಾಂತ. ದೂರ ಕಡಿಮೆಯಾದಂತೆ ಆ ಸ್ಥಾನವು ಕೆಳಕ್ಕೆ ಇಳಿಯುತ್ತದೆ.

ಇದು ಮೇಲುನೋಟಕ್ಕೆ ನಾಲ್ಕು ಅಂಗುಲದ ಬದಲಾವಣೆ. ಆದರೆ ಬಿಲ್ಲಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಲ್ಲಟವು ವಿರಳ. ಆಕರ್ಣಾಕರ್ಷಣವು ಹೋಗಿ ಆಚಿಬುಕಾಕರ್ಷಣವು ಬಂದಿತು. ಗುರಿಯನ್ನು ಮಾತ್ರ ನೋಡಬೇಕೆಂಬ ವಿಧಿ ಹೋಗಿ ಬಾಣದ ಮೊನೆಯನ್ನೂ ನೋಡಬಹುದೆಂಬ ವಿಧಿ ಬಂದಿತು. ಬಾಣದ ಮೊನೆಯೇ ಮೊದಲ ಗುರಿಗಣ್ಣಾಯಿತು. ಅದನ್ನು ಮೊನೆಯಿಂದ ಬಿಡಿಸಿ ಬಿಲ್ಲಿನ ಮೇಲೆ ಒಂದು ಸ್ಥಿರವಾದ ಗುಂಡುಸೂಜಿಯಾಗಿ ನೆಡುವ ಕೆಲಸ ಮಾತ್ರ ಉಳಿದಿದ್ದಿತು.

ಆ ಕೆಲಸವು ಹೆಚ್ಚಾಗಿ ಅಮೆರಿಕದಲ್ಲಿ ನಡೆಯಿತು. ಅಲ್ಲಿ ೧೮೭೮ರಲ್ಲಿ ಮಾರಿಸ್ ಥಾಮ್ಸನ್ ಬರೆದ ಪುಸ್ತಕವು ಬಿಲ್ಲಿನ ಮೋಹವನ್ನು ಹರಡಿತು. ೧೮೭೯ರಲ್ಲಿ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ೧೯೩೦ರ ದಶಕದಲ್ಲಿ ಹಿಕ್ಮನ್, ಕ್ಲಾಪ್‌ಸ್ಟೆಗ್ ಮೊದಲಾದ ಭೌತವಿಜ್ಞಾನಿಗಳು ಬಿಲ್ಲನ್ನು ಪ್ರಯೋಗಶಾಲೆಗೆ ಒಯ್ದು ಬಾಣದ ವೇಗವನ್ನು ಅಳೆದರು. ೧೯೩೧ರಲ್ಲಿ ಪೋಲೆಂಡಿಗೆ ಸೇರಿದ್ದ ಲ್ವೂಫ್ ನಗರದಲ್ಲಿ ಅಂತರರಾಷ್ಟ್ರೀಯ ಬಿಲ್ಲುಗಾರಿಕೆಯ ಒಕ್ಕೂಟವು ಹುಟ್ಟಿತು. ಆ ಕಾಲದಿಂದೀಚೆಗೆ ಗುರಿಪಂದ್ಯಗಳಲ್ಲಿ ಬಿಲ್ಲಿಗೆ ಹೊಂದಿಸಿದ ಗುರಿಗಣ್ಣು ಕ್ರಮೇಣ ಸಾಮಾನ್ಯವಾಯಿತು.

೫

ಕಣ್ಣಿನ ಕೆಳಗೆ ಬಾಣವನ್ನು ತರುವುದು ಮೊದಲನೆಯ ತೊಡಕಿನ ಪರಿಹಾರ. ಸೆಳೆದ ಭಾರವನ್ನು ಹಿಡಿದು ನಿಲ್ಲುವುದು ಎರಡನೆಯ ತೊಡಕು. ಹಗುರವಾದ ಬಿಲ್ಲಿನಿಂದ ಅದನ್ನು ಸ್ವಲ್ಪಮಟ್ಟಿಗೆ ನೀಗಬಹುದಾದರೂ ಬಾಣದ ವೇಗವು ಕುಗ್ಗುತ್ತದೆ. ಭಾರವೂ ಇರಬೇಕು, ಹಿಡಿದಾಗ ಭಾರವೆನಿಸಲೂ ಬಾರದು ಎಂಬ ವಿರೋಧವನ್ನು ಪರಿಹರಿಸಿದವನು ಅಮೆರಿಕದ ಮಿಸ್ಸೂರಿ ಸಂಸ್ಥಾನದ ಹೊಲೆಸ್ ವಿಲ್ಬರ್ ಅಲೆನ್. ಬಿಲ್ಲಿನ ಎರಡು ತುದಿಗಳಿಗೂ ಒಂದೊಂದು ಗಾಲಿಯನ್ನು, ಅದರ ಅಚ್ಚು ನಡುವಿನಲ್ಲಿರದೆ ಒಂದು ಕಡೆಗೆ ಸರಿದಿರುವಂತೆ, ಅವನು ಜೋಡಿಸಿದನು. ೧೯೬೬ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಯನ್ನು ಸಲ್ಲಿಸಿ ೧೯೬೯ರ ಡಿಸೆಂಬರಿನಲ್ಲಿ ಪಡೆದನು. ಇದೇ ಕಾಂಪೌಂಡ್ ಬಿಲ್ಲು. ಕೊಂಬು, ಮರ, ನರಗಳನ್ನು ಅಂಟಿಸಿ ಮಾಡುತ್ತಿದ್ದ ಹಳೆಯ ಸಂಯುಕ್ತ ಬಿಲ್ಲಿಗೂ ಇದಕ್ಕೂ ಹೆಸರಿನಲ್ಲಿ ಭ್ರಾಂತಿ ಬರುವುದುಂಟು; ರಚನೆಯಲ್ಲಿ ಎರಡಕ್ಕೂ ಸಂಬಂಧವಿಲ್ಲ.

ಸಾಮಾನ್ಯವಾದ ಬಿಲ್ಲಿನಲ್ಲಿ ಸೆಳೆದಷ್ಟೂ ಭಾರ ಏರುತ್ತ ಹೋಗುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಭಾರವು ಮೊದಲು ಏರಿ, ಗಾಲಿಗಳು ತಿರುಗಿ ನಿಂತೊಡನೆ ಥಟ್ಟನೆ ಇಳಿದುಬಿಡುತ್ತದೆ. ೫೦ ಪೌಂಡಿನ ಬಿಲ್ಲಿನಲ್ಲಿ ಈ ಇಳಿಕೆಯು ನೂರಕ್ಕೆ ೭೦ರಷ್ಟು ಇದ್ದರೆ ಪೂರ್ಣವಾಗಿ ಸೆಳೆದ ಬಿಲ್ಲುಗಾರನ ಬೆರಳುಗಳಲ್ಲಿ ನಿಲ್ಲುವುದು ೧೫ ಪೌಂಡು ಮಾತ್ರ. ಬಾಣಕ್ಕೆ ಮಾತ್ರ ಕೂಡಿಟ್ಟ ಶಕ್ತಿ ದೊರೆಯುತ್ತದೆ. ಮೇರಿ ರೋಸ್ ಹಡಗಿನ ಬಿಲ್ಲಾಳಿಗೆ ಕ್ಷಣಮಾತ್ರವೂ ದೊರೆಯದಿದ್ದ ಬಿಡುವು ಈ ರೀತಿಯಾಗಿ ಸಾಧಾರಣನಾದ ಹವ್ಯಾಸಿಗೂ ಹಲವು ಸೆಕೆಂಡುಗಳ ಕಾಲ ದೊರೆಯಿತು. ಗುರಿಗಣ್ಣಿಗೆ ಬೇಕಾಗಿದ್ದುದು ಈ ಬಿಡುವೇ.

ಮೂರನೆಯ ತೊಡಕು ಇನ್ನೂ ಉಳಿದಿದ್ದಿತು. ಒಂದು ರೇಖೆಯನ್ನು ನಿರ್ಣಯಿಸಲು ಎರಡು ಬಿಂದುಗಳು ಬೇಕೆಂಬುದು ರೇಖಾಗಣಿತದ ಮೊದಲ ಪಾಠ. ಬಿಲ್ಲಿನ ಮೇಲಿನ ಸೂಜಿ ಒಂದು ಬಿಂದು; ಇನ್ನೊಂದು ಬಿಂದು ಬಿಲ್ಲುಗಾರನ ಕಣ್ಣು. ಆದರೆ ಕಣ್ಣು ಬಿಲ್ಲಿಗೆ ಅಂಟಿದುದಲ್ಲ. ತಲೆ ಸ್ವಲ್ಪ ಬಾಗಿದರೆ ಅದೂ ಸರಿಯುತ್ತದೆ. ಕಣ್ಣಿಗೂ ಸೂಜಿಗೂ ೯೦ ಸೆಂಟಿಮೀಟರು ಅಂತರವೆಂದು ಇಟ್ಟುಕೊಂಡರೆ, ಕಣ್ಣು ತನ್ನ ಸ್ಥಾನದಿಂದ ೩ ಮಿಲಿಮೀಟರು ಸರಿದಾಗ ನೋಟದ ರೇಖೆಯು ಮುನ್ನೂರಕ್ಕೆ ಒಂದರಂತೆ ಓರೆಯಾಗುತ್ತದೆ. ೧೮ ಮೀಟರು ದೂರದಲ್ಲಿ ಇದು ೬ ಸೆಂಟಿಮೀಟರಿನ ತಪ್ಪು. ೫೦ ಮೀಟರಿನಲ್ಲಿ ಸುಮಾರು ೧೭ ಸೆಂಟಿಮೀಟರು. ಕಾಂಪೌಂಡ್ ಪಂದ್ಯದ ೫೦ ಮೀಟರು ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ ೮ ಸೆಂಟಿಮೀಟರು. ಬಿಲ್ಲಿನಲ್ಲಿ ಏನೂ ದೋಷವಿಲ್ಲದೆ, ಕೈಯಲ್ಲಿ ಏನೂ ದೋಷವಿಲ್ಲದೆ, ತಲೆ ಎಳ್ಳಷ್ಟು ವಾಲಿದುದರಿಂದಲೇ ಬಾಣವು ಹೊರಗೆ ಬೀಳುತ್ತದೆ.

ಇದಕ್ಕೆ ಪರಿಹಾರವಾಗಿ ಬಂದುದೇ ಪೀಪ್ ಎಂಬ ಚಿಕ್ಕ ಬಳೆ. ಹೆದೆಯ ಎಳೆಗಳನ್ನು ಬಿಡಿಸಿ ನಡುವೆ ಕೂರಿಸುವ ಈ ರಂಧ್ರದ ಮೂಲಕ ನೋಡಿದಾಗ ಕಣ್ಣು ಪ್ರತಿಸಲವೂ ಅದೇ ಜಾಗಕ್ಕೆ ಬರಲೇಬೇಕು. ರಂಧ್ರ, ಸೂಜಿ, ಗುರಿ ಈ ಮೂರೂ ಒಂದು ರೇಖೆಯಲ್ಲಿ ಕೂಡುತ್ತವೆ. ರಂಧ್ರವು ಕಿರಿದಾದರೆ ನೋಟ ಹರಿತವಾಗುತ್ತದೆ, ಬೆಳಕು ಕುಗ್ಗುತ್ತದೆ. ಹಿರಿದಾದರೆ ಬೆಳಕು ಹೆಚ್ಚುತ್ತದೆ, ನಿಷ್ಕರ್ಷೆ ಕುಗ್ಗುತ್ತದೆ. ಇವೆರಡರ ನಡುವಣ ಹದವನ್ನು ಪ್ರತಿಯೊಬ್ಬನೂ ತನ್ನ ಕಣ್ಣಿಗೆ ತಕ್ಕಂತೆ ಕಂಡುಕೊಳ್ಳಬೇಕು.

೬

ಇನ್ನು ಅಗ್ಗದ ಬಿಲ್ಲಿನ ವಿಚಾರ. ಬೆಲೆಯುಳ್ಳ ಬಿಲ್ಲೇ ನಿಖರವಾದ ಬಿಲ್ಲೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಇದೆ. ಇದನ್ನು ಪರೀಕ್ಷಿಸಲು ದೋಷಗಳನ್ನು ಎರಡು ವರ್ಗಗಳಾಗಿ ಬೇರ್ಪಡಿಸಬೇಕು. ಪ್ರತಿಸಲವೂ ಒಂದೇ ರೀತಿಯಾಗಿ ಬರುವುದು ನಿಯತ ದೋಷ. ಸಲಕ್ಕೆ ಒಂದು ರೀತಿಯಾಗಿ ಬರುವುದು ಅನಿಯತ ದೋಷ. ಒಂದು ಅಗ್ಗದ ಬಿಲ್ಲು ಎಲ್ಲ ಬಾಣಗಳನ್ನೂ ಒಂದು ಗೇಣು ಎಡಕ್ಕೆ ಒಯ್ಯುತ್ತದೆ ಎಂದು ಭಾವಿಸೋಣ. ಬಾಣಗಳು ಅಲ್ಲಿ ಒತ್ತಾಗಿ ಗುಂಪುಗೂಡಿದ್ದರೆ ಆ ಬಿಲ್ಲು ಕೆಟ್ಟುದಲ್ಲ. ಗುರಿಗಣ್ಣನ್ನು ಸರಿಸಿದರೆ ಆ ಗುಂಪೇ ನಡುವಿಗೆ ಬರುತ್ತದೆ. ಬಾಣಗಳು ಎಲ್ಲೆಡೆಯೂ ಚೆದರಿದ್ದರೆ ಮಾತ್ರ ಗುರಿಗಣ್ಣಿಗೆ ಮಾಡುವ ಕೆಲಸವಿಲ್ಲ. ಒಂದೇ ಬಾಣವನ್ನು ನೋಡಿ ಸೂಜಿಯನ್ನು ಸರಿಸಬಾರದು, ಮೂರು ನಾಲ್ಕು ಬಾಣಗಳ ಗುಂಪನ್ನು ನೋಡಿ ಸರಿಸಬೇಕು ಎಂಬ ಬಿಲ್ಲುಗಾರರ ನಿಯಮಕ್ಕೆ ಇದೇ ಆಧಾರ.

ಸರಿಸುವ ದಿಕ್ಕಿನ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಮೋಸಹೋಗುತ್ತಾರೆ. ಬಾಣವು ಮೇಲೆ ಬಿದ್ದರೆ ಸೂಜಿಯನ್ನು ಮೇಲಕ್ಕೇ ಸರಿಸಬೇಕು. ಎಡಕ್ಕೆ ಬಿದ್ದರೆ ಎಡಕ್ಕೇ. ಸೂಜಿಯನ್ನು ಮೇಲೇರಿಸಿದಾಗ ಅದನ್ನು ಮತ್ತೆ ಗುರಿಗೆ ತರಲು ಬಿಲ್ಲನ್ನು ಕೆಳಗಿಳಿಸಬೇಕಾಗುವುದರಿಂದ ಬಾಣವೂ ಕೆಳಗಿಳಿಯುತ್ತದೆ.

ಒಂದಕ್ಕಿಂತ ಹೆಚ್ಚು ಸೂಜಿಗಳನ್ನು ಇಡುವುದೇಕೆಂದರೆ ಬಾಣದ ಇಳಿತವು ದೂರದೊಡನೆ ಸಮನಾಗಿ ಬೆಳೆಯುವುದಿಲ್ಲ. ಸೆಕೆಂಡಿಗೆ ೮೦ ಮೀಟರು ವೇಗದ ಬಾಣವು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ೨೦ ಮೀಟರು ದೂರದಲ್ಲಿ ತನ್ನ ಮೊದಲ ರೇಖೆಯಿಂದ ಸುಮಾರು ೩೧ ಸೆಂಟಿಮೀಟರು ಇಳಿದಿರುತ್ತದೆ. ೪೦ ಮೀಟರಿನಲ್ಲಿ ಸುಮಾರು ೧೨೨ ಸೆಂಟಿಮೀಟರು. ದೂರ ಇಮ್ಮಡಿಸಿದರೆ ಇಳಿತ ನಾಲ್ಮಡಿಸುತ್ತದೆ. ಬರಿಗಣ್ಣಿನ ಬಿಲ್ಲುಗಾರನು ಇದನ್ನು ವರ್ಷಗಟ್ಟಲೆ ಅಭ್ಯಾಸದಿಂದ ಮೈಗೂಡಿಸಿಕೊಳ್ಳುತ್ತಾನೆ. ಸೂಜಿಯುಳ್ಳವನು ಒಂದು ಸಂಜೆಯಲ್ಲಿ ಅಳೆದು ಗುರುತಿಡುತ್ತಾನೆ. ಆದರೆ ಗುರಿಯ ದೂರವನ್ನು ತಪ್ಪಾಗಿ ಎಣಿಸಿದರೆ ಸೂಜಿಯೂ ಕಾಪಾಡಲಾರದು.

ಗುರಿಗಣ್ಣಿನ ಬಳಿ ಇಡುವ ಗುಳ್ಳೆಯ ಮಟ್ಟವು ಕೂಡ ಅಲಂಕಾರಕ್ಕಾಗಿ ಬಂದುದಲ್ಲ. ಮೇಲಿನ ವೇಗದ ಬಾಣವು ೫೦ ಮೀಟರಿನಲ್ಲಿ ಸುಮಾರು ೧೯೧ ಸೆಂಟಿಮೀಟರು ಇಳಿಯುತ್ತದೆ. ಈ ಇಳಿತಕ್ಕಾಗಿ ಹೊಂದಿಸಿದ ಬಿಲ್ಲನ್ನು ೨ ಅಂಶದಷ್ಟು ಬಲಕ್ಕೆ ವಾಲಿಸಿ ಬಿಟ್ಟರೆ ಬಾಣವು ಆರೂವರೆ ಸೆಂಟಿಮೀಟರಿಗೂ ಹೆಚ್ಚಾಗಿ ಬಲಕ್ಕೆ ಬೀಳುತ್ತದೆ; ಹತ್ತರ ವೃತ್ತದ ತ್ರಿಜ್ಯವು ನಾಲ್ಕೇ ಸೆಂಟಿಮೀಟರು. ಎರಡು ಅಂಶದ ವಾಲನ್ನು ಬರಿಗಣ್ಣು ಗುರುತಿಸಲಾರದು. ಹೆದೆಯ ಮೇಲೆ ಅಂಬು ಕೂರುವ ಜಾಗಕ್ಕೆ ಕಟ್ಟುವ ಗುರುತು, ಬೆರಳಿಗೆ ಬದಲಾಗಿ ಹೆದೆಯನ್ನು ಬಿಡುವ ಕೈಸಾಧನ ಇವುಗಳ ಉದ್ದೇಶವೂ ಅದೇ. ಪ್ರತಿಯೊಂದೂ ಒಂದೊಂದು ಅನಿಯತ ದೋಷವನ್ನು ತೆಗೆದುಹಾಕುತ್ತದೆ ಅಥವಾ ನಿಯತವಾಗಿ ಮಾಡುತ್ತದೆ.

ಇದರಿಂದ ಸಿದ್ಧವಾಗುವುದೇನೆಂದರೆ, ಅಗ್ಗದ ಬಿಲ್ಲಿಗೂ ಬೆಲೆಯುಳ್ಳ ಬಿಲ್ಲಿಗೂ ವ್ಯತ್ಯಾಸವಿಲ್ಲವೆಂದಲ್ಲ. ಅಗ್ಗದ ಹೆದೆ ಕಾಲಕ್ರಮದಲ್ಲಿ ಹಿಗ್ಗುತ್ತದೆ. ಹಿಗ್ಗಿದರೆ ಪೀಪ್ ತಿರುಗಿಕೊಂಡು ಕಣ್ಣಿಗೆ ಅಡ್ಡವಾಗುತ್ತದೆ. ಅಗ್ಗದ ಗುರಿಗಣ್ಣಿನ ತಿರುಪುಗಳು ಬಿಲ್ಲಿನ ಅದುರಿಗೆ ಸಡಿಲವಾಗುತ್ತವೆ. ಆದರೆ ಇವು ಕಣ್ಣಿಗೆ ಕಾಣುವ, ಕೈಯಿಂದ ಸರಿಪಡಿಸಬಹುದಾದ ದೋಷಗಳು. ಸಾಧಾರಣ ಬಿಲ್ಲಿಗೆ ನಿಂತ ಕಣ್ಣನ್ನು ಕೊಟ್ಟವನು, ಉತ್ತಮ ಬಿಲ್ಲನ್ನು ಅಲೆಯುವ ಕಣ್ಣಿನಿಂದ ಎಸೆಯುವವನಿಗಿಂತ ಮುಂದೆ ಹೋಗುವನೆಂಬುದು ಮೇಲಿನ ಲೆಕ್ಕಗಳ ತಾತ್ಪರ್ಯ.

೭

ಈ ಸಾಧನಗಳು ವಿವಾದವಿಲ್ಲದೆ ಒಪ್ಪಿತವಾದುವೆಂದು ಭಾವಿಸಬಾರದು. ೧೯೪೮ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಆಯ್ಗೆನ್ ಹೆರಿಗೆಲನ ಪುಸ್ತಕವು ಜಪಾನಿನ ಬಿಲ್ಲುಗಾರಿಕೆಯನ್ನು ಅಹಂಕಾರವನ್ನು ಕರಗಿಸುವ ಸಾಧನೆಯೆಂದು ವರ್ಣಿಸಿ ಲೋಕಪ್ರಸಿದ್ಧವಾಯಿತು. ಆ ದೃಷ್ಟಿಯಿಂದ ನೋಡಿದರೆ ಗುರಿಗಣ್ಣು ಸಾಧನೆಯನ್ನೇ ಅಪಹರಿಸುವ ವಸ್ತು. ಪಂದ್ಯಗಳ ನಿಯಮಾವಳಿಯು ಈ ವಿವಾದವನ್ನು ಖಂಡಿತವಾಗಿ ತೀರ್ಮಾನಿಸದೆ ವರ್ಗಗಳನ್ನು ಮಾಡಿ ಹಂಚಿಕೊಟ್ಟಿದೆ. ೧೯೭೨ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿಗೆ ಮರಳಿ ಬಂದ ರಿಕರ್ವ್ ಬಿಲ್ಲಿಗೆ ಗುರಿಗಣ್ಣು ಉಂಟು. ಆದರೆ ಇಂದಿನ ನಿಯಮದಂತೆ ಅದರಲ್ಲಿ ಮಸೂರವೂ ಮಟ್ಟವ‍ೂ ಹೆದೆಯಲ್ಲಿ ರಂಧ್ರವೂ ಇರಕೂಡದು. ಕಾಂಪೌಂಡಿಗೆ ಇವೆಲ್ಲವೂ ಉಂಟು. ಬೇರ್‌ಬೋ ವರ್ಗಕ್ಕೆ ಯಾವುದೂ ಇಲ್ಲ. ಕಾಂಪೌಂಡ್ ಬಿಲ್ಲು ಜಾಗತಿಕ ಪಂದ್ಯಾವಳಿಯನ್ನು ಪ್ರವೇಶಿಸಿದುದು ೧೯೯೫ರಲ್ಲಿ, ಏಷ್ಯನ್ ಕ್ರೀಡೆಗಳನ್ನು ೨೦೧೪ರಲ್ಲಿ. ೨೦೨೮ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಅದರ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸುವ ನಿರ್ಣಯವು ೨೦೨೫ರಲ್ಲಿ ಆಯಿತು.

ಭಾರತದಲ್ಲಿ ಬಿಲ್ಲುಗಾರಿಕೆಯ ರಾಷ್ಟ್ರೀಯ ಸಂಘವು ೧೯೭೩ರಲ್ಲಿ ಸ್ಥಾಪಿತವಾಯಿತು. ಇಲ್ಲಿಯ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವರ್ಗವೊಂದನ್ನು ಉಳಿಸಿಕೊಂಡು ಬಂದಿರುವುದು ಗಮನಾರ್ಹ. ಗುರಿಗಣ್ಣಿಲ್ಲದ ಬಿದಿರಿನ ಬಿಲ್ಲಿನಿಂದ ಅದರಲ್ಲಿ ಸ್ಪರ್ಧಿಸುತ್ತಾರೆ. ಬಡ ಕುಟುಂಬದ ಮಕ್ಕಳಿಗೆ ಈ ವಿದ್ಯೆಯ ಬಾಗಿಲು ಅದೇ. ಇನ್ನೊಂದು ಕಡೆ ಕಾಂಪೌಂಡ್ ಬಿಲ್ಲಿನಲ್ಲಿ ಭಾರತೀಯರು ೨೦೨೩ರಲ್ಲಿ ಬರ್ಲಿನಿನ ವಿಶ್ವಪಂದ್ಯಾವಳಿಯಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ಇವರ ಮೂಲಕ ವೈಯಕ್ತಿಕ ಸ್ವರ್ಣಗಳನ್ನು ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಆ ಬಿಲ್ಲಿನ ಐದು ಸ್ವರ್ಣಗಳನ್ನೂ ತಮ್ಮದಾಗಿಸಿಕೊಂಡರು. ಒಂದೇ ದೇಶದಲ್ಲಿ ಬಿದಿರಿನ ಬಿಲ್ಲೂ ಗಾಲಿಯ ಬಿಲ್ಲೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಮೊದಲು ಎತ್ತಿದ ಎರಡು ಉತ್ತರಗಳಿಗೆ ಈಗ ಮರಳಬಹುದು. ಪ್ರಾಚೀನರಿಗೆ ಗುರಿಗಣ್ಣು ಬೇಕಿರಲಿಲ್ಲವೆಂಬುದು ನಿಜ; ಆದರೆ ಅವರು ತಪ್ಪದ ಕಣ್ಣುಳ್ಳವರಾಗಿದ್ದರೆಂಬ ಕಾರಣದಿಂದಲ್ಲ, ಅವರ ಬಿಲ್ಲು ಕಣ್ಣಿಗೆ ಬಿಡುವನ್ನು ಕೊಡುತ್ತಿರಲಿಲ್ಲವೆಂಬ ಕಾರಣದಿಂದ. ಅವರ ಕಣ್ಣೂ ತಪ್ಪುತ್ತಿದ್ದಿತೆಂಬುದನ್ನು ನಮ್ಮ ಕಾವ್ಯಗಳೇ ಮರೆಮಾಚದೆ ಹೇಳಿವೆ. ಶಬ್ದವೇಧಿಯಾದ ದಶರಥನು ಕತ್ತಲೆಯಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಮುನಿಕುಮಾರನನ್ನು ಕೊಂದನು. ಬಾಣವು ಗುರಿಯನ್ನು ತಪ್ಪಲಿಲ್ಲ. ಗುರಿ ಯಾವುದೆಂಬ ತಿಳಿವು ತಪ್ಪಿತು. ಆ ತಪ್ಪನ್ನು ಯಾವ ಸೂಜಿಯೂ ಯಾವ ರಂಧ್ರವೂ ತಿದ್ದಲಾರದು.

ಪ್ರಾಚೀನರಿಗೆ ಇದೆಲ್ಲ ತಿಳಿದಿದ್ದಿತೆಂಬ ಎರಡನೆಯ ಉತ್ತರವನ್ನು ಬಿಟ್ಟುಬಿಡುವುದರಿಂದ ನಮ್ಮ ಕಾವ್ಯಗಳಿಗೆ ನಷ್ಟವಿಲ್ಲ, ಲಾಭವೇ ಇದೆ. ೯೪೧ರ ಸುಮಾರಿಗೆ ಪಂಪನು ತನ್ನ ಅರಸನನ್ನು ಅರ್ಜುನನೊಡನೆ ಅಭೇದಿಸಿ ಬರೆದಾಗ ಅವನ ಓದುಗರು ಕಿವಿಯವರೆಗೆ ಸೆಳೆದ ಹೆದೆಯ ಭಾರವನ್ನು ಬಲ್ಲವರಾಗಿದ್ದರು. ಆ ಕಾಲದ ವೀರಗಲ್ಲುಗಳ ಮೇಲೆ ಬಿಲ್ಲು ಹಿಡಿದು ನಿಂತವರು ಅವರ ನೆರೆಹೊರೆಯವರೇ. ಇಂದಿನ ಓದುಗರಿಗೆ ಆ ಭಾರವು ಗೊತ್ತಿಲ್ಲ. ಆಕರ್ಣಾಂತವೆಂಬ ಒಂದು ಪದದ ಹಿಂದೆ ಇರುವ ತೋಳಿನ ಬಲ, ಬಿಡುವಿಲ್ಲದ ಕ್ಷಣ, ಗುರಿಯೊಂದನ್ನೇ ನಚ್ಚಿದ ಕಣ್ಣು ಇವನ್ನು ತಿಳಿದು ಪಾಠ ಹೇಳಿದರೆ, ಅತಿಶಯೋಕ್ತಿಯೆಂದು ದಾಟಿಹೋಗುತ್ತಿದ್ದ ಸ್ಥಳಗಳು ವಾಸ್ತವವಾದ ವರ್ಣನೆಗಳಾಗಿ ಕಾಣುವುವು.